ಅಪೂರ್ಣ ಕಂತು ಆಟಗಳ ಡಿಸ್ಕ್ ಮಾರಾಟ

ಅಪೂರ್ಣ ಕಂತು ಆಟಗಳ ಡಿಸ್ಕ್ ಮಾರಾಟ ಎಂಬುದು ಕಂತುಗಳಲ್ಲಿ ಹೊರಬರುವ ವಿಡಿಯೋ ಆಟವೊಂದನ್ನು, ಅದರ ಎಲ್ಲ ಕಂತುಗಳೂ ಸಿದ್ಧವಾಗುವ ಮೊದಲೇ ಅಥವಾ ಎಲ್ಲ ಕಂತುಗಳನ್ನೂ ಡಿಸ್ಕ್‌ನಲ್ಲಿ ಅಳವಡಿಸದೆಯೇ, ಪೆಟ್ಟಿಗೆಯಲ್ಲಿಟ್ಟು ಅಂಗಡಿಗಳ ಮೂಲಕ ಮಾರುವ ಪದ್ಧತಿಯಾಗಿದೆ. ಇಂತಹ ಡಿಸ್ಕ್‌ನಲ್ಲಿ ಸಾಮಾನ್ಯವಾಗಿ ಮೊದಲ ಕಂತು ಮಾತ್ರ ಇರುತ್ತದೆ. ಉಳಿದ ಕಂತುಗಳನ್ನು ಅವು ಬಿಡುಗಡೆಯಾದಂತೆ ಗ್ರಾಹಕರು ಅಂತರಜಾಲದಿಂದ ಇಳಿಸಿಕೊಳ್ಳಬೇಕಾಗುತ್ತದೆ. ಅಮೆರಿಕದ ಟೆಲ್‌ಟೇಲ್ ಗೇಮ್ಸ್ ಸಂಸ್ಥೆಯು 2015ರಿಂದ 'ಸೀಸನ್ ಪಾಸ್ ಡಿಸ್ಕ್' ಎಂಬ ಹೆಸರಿನಲ್ಲಿ ಇಂತಹ ಪೆಟ್ಟಿಗೆಗಳನ್ನು ಮಾರಿತು. 2018ರಲ್ಲಿ ಆ ಸಂಸ್ಥೆ ಕುಸಿದಾಗ ಈ ಪದ್ಧತಿಯ ಅಪಾಯಗಳು ಸ್ಪಷ್ಟವಾಗಿ ಬೆಳಕಿಗೆ ಬಂದವು.

ಪರಿಕಲ್ಪನೆ

ಕೃತಿಯೊಂದನ್ನು ಭಾಗಭಾಗವಾಗಿ ಮಾರುವುದು ಹೊಸದೇನಲ್ಲ. ಕನ್ನಡದ ವಾರಪತ್ರಿಕೆಗಳಲ್ಲಿ ಕಾದಂಬರಿಗಳು ಧಾರಾವಾಹಿಯಾಗಿ ಪ್ರಕಟವಾಗುತ್ತ ಬಂದಿವೆ. ಕನ್ನಡ ಸಾಹಿತ್ಯ ಪರಿಷತ್ತಿನ ಕನ್ನಡ ನಿಘಂಟಿನ ಎಂಟು ಸಂಪುಟಗಳು 1970ರಿಂದ 1995ರವರೆಗಿನ ಕಾಲು ಶತಮಾನದಲ್ಲಿ ಒಂದೊಂದಾಗಿ ಹೊರಬಂದವು. ಮೊದಲ ಸಂಪುಟವನ್ನು ಕೊಂಡವರಿಗೆ ತಾವು ಕೊಂಡದ್ದು ಇಡೀ ನಿಘಂಟಲ್ಲ ಎಂಬುದು ತಿಳಿದಿತ್ತು. ಮುಂದಿನ ಸಂಪುಟ ತಡವಾದರೂ ಕೈಯಲ್ಲಿದ್ದ ಸಂಪುಟ ಉಪಯೋಗಕ್ಕೆ ಬರುತ್ತಿತ್ತು. ಕೊಳ್ಳದ ಸಂಪುಟಕ್ಕೆ ಮುಂಗಡವಾಗಿ ಹಣ ತೆರಬೇಕಾಗಿಯೂ ಇರಲಿಲ್ಲ.

ಅಪೂರ್ಣ ಡಿಸ್ಕ್‌ನ ಸ್ಥಿತಿ ಇದಕ್ಕಿಂತ ಭಿನ್ನವಾದುದು. ಇಲ್ಲಿ ಗ್ರಾಹಕರು ಇಡೀ ಸರಣಿಯ ಬೆಲೆಯನ್ನು ಒಮ್ಮೆಗೇ ತೆರುತ್ತಾರೆ. ಆದರೆ ವಸ್ತುರೂಪದಲ್ಲಿ ಅವರ ಕೈಸೇರುವುದು ಒಂದು ಕಂತು ಮಾತ್ರ. ಉಳಿದದ್ದು ಪ್ರಕಾಶಕರ ವಾಗ್ದಾನವಾಗಿ ಉಳಿಯುತ್ತದೆ. ಪೆಟ್ಟಿಗೆಯ ಆಕಾರ, ಮುಖಚಿತ್ರ ಮತ್ತು ಬೆಲೆ ಪೂರ್ಣ ಆಟದಂತೆಯೇ ಇರುವುದರಿಂದ ಈ ವ್ಯತ್ಯಾಸವು ಮೇಲ್ನೋಟಕ್ಕೆ ಗೋಚರಿಸುವುದಿಲ್ಲ.

ಹಿನ್ನೆಲೆ

ಕಂತು ಆಟಗಳ ಮೂಲವನ್ನು 1990ರ ದಶಕದ 'ಶೇರ್‌ವೇರ್' ಪದ್ಧತಿಯಲ್ಲಿ ಗುರುತಿಸಬಹುದು. ಇಡ್ ಸಾಫ್ಟ್‌ವೇರ್ ಸಂಸ್ಥೆಯ 'ಡೂಮ್' ಆಟವು 1993ರ ಡಿಸೆಂಬರ್ 10ರಂದು ಹೊರಬಂದಾಗ ಅದರ ಮೂರು ಕಂತುಗಳ ಪೈಕಿ ಮೊದಲನೆಯದನ್ನು ಉಚಿತವಾಗಿ ಹಂಚಲು ಅವಕಾಶವಿತ್ತು. ಉಳಿದೆರಡು ಕಂತುಗಳನ್ನು ಸಂಸ್ಥೆಗೆ ಹಣ ಕಳುಹಿಸಿ ತರಿಸಿಕೊಳ್ಳಬೇಕಾಗಿತ್ತು. ಮೊದಲ ಕಂತಿರುವ ಫ್ಲಾಪಿಗಳನ್ನು ಅಂಗಡಿಗಳು ಅಲ್ಪ ಬೆಲೆಗೆ ಮಾರುತ್ತಿದ್ದವು. ಅಲ್ಲಿಯೂ ಮಾರಾಟವಾಗುತ್ತಿದ್ದುದು ಅಪೂರ್ಣ ಆಟವೇ. ಆದರೆ ಉಳಿದ ಭಾಗಕ್ಕೆ ಹಣವನ್ನು ಆಮೇಲೆ, ಇಷ್ಟವಾದರೆ ಮಾತ್ರ ಕೊಡಬೇಕಾಗಿತ್ತು.

ಜಪಾನಿನಲ್ಲಿ ಬಂದಾಯ್ ಸಂಸ್ಥೆಯು 'ಡಾಟ್ ಹ್ಯಾಕ್' ಆಟವನ್ನು 2002 ಮತ್ತು 2003ರಲ್ಲಿ ಪ್ಲೇಸ್ಟೇಷನ್ 2 ಯಂತ್ರಕ್ಕಾಗಿ ನಾಲ್ಕು ಪ್ರತ್ಯೇಕ ಡಿಸ್ಕ್‌ಗಳಲ್ಲಿ ಹೊರತಂದಿತು. ಒಂದು ಸಂಪುಟದಲ್ಲಿ ಉಳಿಸಿಟ್ಟ ಆಟದ ಪ್ರಗತಿಯನ್ನು ಮುಂದಿನದಕ್ಕೆ ಒಯ್ಯಬಹುದಾಗಿತ್ತು. ನಾಲ್ಕನ್ನೂ ಕೊಂಡರೆ ಮಾತ್ರ ಕಥೆ ಮುಗಿಯುತ್ತಿತ್ತಾದರೂ ಪ್ರತಿ ಕಂತೂ ಅದರದೇ ಡಿಸ್ಕ್‌ನಲ್ಲಿ ಇರುತ್ತಿತ್ತು.

2006ರಲ್ಲಿ ವಾಲ್ವ್ ಸಂಸ್ಥೆಯು 'ಹಾಫ್-ಲೈಫ್ 2' ಆಟದ ಮುಂದುವರಿದ ಕಥೆಯನ್ನು ಮೂರು ಕಂತುಗಳಲ್ಲಿ ಹೇಳುವುದಾಗಿ ಪ್ರಕಟಿಸಿತು. ಮೊದಲ ಕಂತು ಅದೇ ವರ್ಷ ಜೂನ್ 1ರಂದು ಅಂತರಜಾಲದಲ್ಲಿಯೂ ಅಂಗಡಿಗಳಲ್ಲಿಯೂ ದೊರೆಯಿತು. ಎರಡನೆಯದು 2007ರ ಅಕ್ಟೋಬರ್‌ನಲ್ಲಿ 'ದಿ ಆರೆಂಜ್ ಬಾಕ್ಸ್' ಸಂಕಲನದಲ್ಲಿ ಬಂದಿತು. ಕುತೂಹಲದ ಘಟ್ಟದಲ್ಲಿ ನಿಂತ ಆ ಕಥೆಯ ಮೂರನೆಯ ಕಂತು ಬಿಡುಗಡೆಯಾಗಲೇ ಇಲ್ಲ. 2006ರಲ್ಲಿಯೇ ಆರಂಭವಾದ ರಿಚುಯಲ್ ಎಂಟರ್‌ಟೇನ್‌ಮೆಂಟ್ ಸಂಸ್ಥೆಯ 'ಸಿನ್ ಎಪಿಸೋಡ್ಸ್' ಸರಣಿಯು ಒಂಬತ್ತು ಕಂತುಗಳ ಯೋಜನೆಯಾಗಿದ್ದರೂ ಮೊದಲ ಕಂತಿಗೇ ನಿಂತಿತು. ಈ ಎರಡೂ ಪ್ರಸಂಗಗಳಲ್ಲಿ ಗ್ರಾಹಕರು ಆಯಾ ಕಂತಿಗೆ ಮಾತ್ರ ಬೆಲೆ ತೆತ್ತಿದ್ದರು. ಆದುದರಿಂದ ಅವರಿಗಾದದ್ದು ನಿರಾಶೆಯೇ ಹೊರತು ಹಣದ ನಷ್ಟವಲ್ಲ.

ಮಾರಾಟದ ವಿಧಗಳು

ಕಂತು ಆಟಗಳ ಡಿಸ್ಕ್‌ಗಳನ್ನು ಸ್ಥೂಲವಾಗಿ ನಾಲ್ಕು ಬಗೆಯಾಗಿ ವಿಂಗಡಿಸಬಹುದು.

1. ಪೂರ್ಣ ಸಂಕಲನ: ಎಲ್ಲ ಕಂತುಗಳು ಮುಗಿದ ಬಳಿಕ ಅವೆಲ್ಲವನ್ನೂ ಒಂದೇ ಡಿಸ್ಕ್‌ನಲ್ಲಿ ಕೊಡುವುದು. ಟೆಲ್‌ಟೇಲ್ ಸಂಸ್ಥೆಯ 'ದಿ ವಾಕಿಂಗ್ ಡೆಡ್' (2012) ಆಟದ ಐದು ಕಂತುಗಳು ಏಪ್ರಿಲ್‌ನಿಂದ ನವೆಂಬರ್‌ವರೆಗೆ ಅಂತರಜಾಲದಲ್ಲಿ ಬಂದು, ಡಿಸೆಂಬರ್‌ನಲ್ಲಿ ಡಿಸ್ಕ್‌ರೂಪ ತಾಳಿದವು. 'ಲೈಫ್ ಈಸ್ ಸ್ಟ್ರೇಂಜ್' ಆಟವು 2015ರ ಜನವರಿಯಿಂದ ಅಕ್ಟೋಬರ್‌ವರೆಗೆ ಕಂತುಗಳಲ್ಲಿ ಹೊರಬಂದು, 2016ರ ಜನವರಿಯಲ್ಲಿ ಡಿಸ್ಕ್‌ನಲ್ಲಿ ದೊರೆಯಿತು.

2. ಸ್ವತಂತ್ರ ಸಂಪುಟ: ಪ್ರತಿ ಭಾಗವನ್ನೂ ಬೇರೆ ಬೇರೆ ಡಿಸ್ಕ್‌ನಲ್ಲಿ, ಬೇರೆ ಬೆಲೆಗೆ ಮಾರುವುದು. 'ಡಾಟ್ ಹ್ಯಾಕ್' ಇದಕ್ಕೆ ಉದಾಹರಣೆ.

3. ಸೀಸನ್ ಪಾಸ್ ಡಿಸ್ಕ್: ಮೊದಲ ಕಂತು ಡಿಸ್ಕ್‌ನಲ್ಲಿದ್ದು, ಉಳಿದವುಗಳನ್ನು ಇಳಿಸಿಕೊಳ್ಳುವ ಹಕ್ಕು ಅದರೊಡನೆ ಬರುವುದು. ಈ ಲೇಖನದ ಮುಖ್ಯ ವಿಷಯ ಇದೇ ಆಗಿದೆ.

4. ಭಾಗಶಃ ಡಿಸ್ಕ್: ಆಟವು ಕಂತುಗಳದ್ದಲ್ಲದಿದ್ದರೂ ಅದರ ದೊಡ್ಡ ಭಾಗವನ್ನು ಡಿಸ್ಕ್‌ನಿಂದ ಹೊರಗಿಡುವುದು. 2015ರ 'ಟೋನಿ ಹಾಕ್ಸ್ ಪ್ರೊ ಸ್ಕೇಟರ್ 5' ಆಟಕ್ಕೆ ಬಿಡುಗಡೆಯ ದಿನವೇ ಇಳಿಸಿಕೊಳ್ಳಬೇಕಾಗಿದ್ದ ಕಡತವು ಡಿಸ್ಕ್‌ನಲ್ಲಿದ್ದ ಭಾಗಕ್ಕಿಂತ ದೊಡ್ಡದಾಗಿತ್ತು.

ಪ್ರಮುಖ ನಿದರ್ಶನಗಳು

ಮೈನ್‌ಕ್ರಾಫ್ಟ್: ಸ್ಟೋರಿ ಮೋಡ್

ಟೆಲ್‌ಟೇಲ್ ಗೇಮ್ಸ್ ಸಂಸ್ಥೆಯು 2004ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಸ್ಥಾಪನೆಯಾಯಿತು. ಅದರ 'ಮೈನ್‌ಕ್ರಾಫ್ಟ್: ಸ್ಟೋರಿ ಮೋಡ್' ಆಟದ ಮೊದಲ ಕಂತು 2015ರ ಅಕ್ಟೋಬರ್ 13ರಂದು ಅಂತರಜಾಲದಲ್ಲಿ ಬಿಡುಗಡೆಯಾಯಿತು. ಎರಡು ವಾರಗಳ ನಂತರ ಅಂಗಡಿಗಳಿಗೆ ಸೀಸನ್ ಪಾಸ್ ಡಿಸ್ಕ್ ಬಂದಿತು. ಅದು ಐದು ಕಂತುಗಳ ಹಕ್ಕನ್ನು ಒಳಗೊಂಡಿತ್ತು. ಆಗಿನ್ನೂ ಸರಣಿ ಮುಗಿದಿರಲಿಲ್ಲ. ಮಕ್ಕಳಲ್ಲಿ ಅತ್ಯಂತ ಜನಪ್ರಿಯವಾದ ಹೆಸರನ್ನು ಹೊತ್ತ ಆಟವಾದುದರಿಂದ ಪೆಟ್ಟಿಗೆಯನ್ನು ಉಡುಗೊರೆಯಾಗಿ ಕೊಳ್ಳುವ ಹಿರಿಯರೂ ಇದರ ಗ್ರಾಹಕರಾಗಿದ್ದರು. 2016ರ ಅಕ್ಟೋಬರ್‌ನಲ್ಲಿ ಎಂಟು ಕಂತುಗಳ ಪೂರ್ಣ ಆವೃತ್ತಿ ಪ್ರತ್ಯೇಕ ಪೆಟ್ಟಿಗೆಯಲ್ಲಿ ಮಾರಾಟಕ್ಕೆ ಬಂದಿತು.

2018ರ ಸೆಪ್ಟೆಂಬರ್ 21ರಂದು ಟೆಲ್‌ಟೇಲ್ ಸಂಸ್ಥೆಯು ಸುಮಾರು 250 ಮಂದಿಯನ್ನು ಕೆಲಸದಿಂದ ತೆಗೆದು, 25 ಮಂದಿಯನ್ನು ಮಾತ್ರ ಉಳಿಸಿಕೊಂಡಿತು. ಬಳಿಕ ಸಂಸ್ಥೆ ಮುಚ್ಚಿತು. 'ಸ್ಟೋರಿ ಮೋಡ್' ಆಟದ ಮಾಲೀಕರು ತಮ್ಮ ಎಲ್ಲ ಕಂತುಗಳನ್ನು 2019ರ ಜೂನ್ 25ರೊಳಗೆ ಇಳಿಸಿಕೊಳ್ಳಬೇಕೆಂದು ಪ್ರಕಟಣೆ ಹೊರಟಿತು. ಆ ಗಡುವನ್ನು ಅರಿಯದೆ ಡಿಸ್ಕ್ ಮಾತ್ರ ಇಟ್ಟುಕೊಂಡಿದ್ದವರು ಉಳಿದ ಕಂತುಗಳನ್ನು ಕಳೆದುಕೊಳ್ಳುವ ಸ್ಥಿತಿ ಒದಗಿತು. ಎಕ್ಸ್‌ಬಾಕ್ಸ್ 360 ಯಂತ್ರದ ಮಳಿಗೆಯಲ್ಲಿ ಇನ್ನೊಂದು ವಿಚಿತ್ರ ಸನ್ನಿವೇಶ ಉಂಟಾಯಿತು. ಹಿಂದೆ ಕೊಂಡವರು ಇಳಿಸಿಕೊಳ್ಳಲು ಅನುವಾಗುವಂತೆ ಕಂತುಗಳನ್ನು ಮಾರಾಟದ ಪಟ್ಟಿಯಲ್ಲಿಯೇ ಉಳಿಸಿ, ಹೊಸಬರು ಕೊಳ್ಳದಿರಲೆಂದು ಕೆಲವು ಕಂತುಗಳಿಗೆ ತಲಾ ಸುಮಾರು 100 ಡಾಲರ್ ಬೆಲೆ ನಿಗದಿಪಡಿಸಲಾಯಿತು.

ದಿ ವಾಕಿಂಗ್ ಡೆಡ್: ದಿ ಫೈನಲ್ ಸೀಸನ್

ನಾಲ್ಕು ಕಂತುಗಳ ಈ ಆಟಕ್ಕೆ ಅನೇಕರು ಮುಂಗಡವಾಗಿ ಪೂರ್ಣ ಬೆಲೆ ತೆತ್ತಿದ್ದರು. ಸಂಸ್ಥೆ ಕುಸಿದಾಗ ಎರಡು ಕಂತುಗಳು ಮಾತ್ರ ಸಿದ್ಧವಾಗಿದ್ದವು. ಮೂಲ ಚಿತ್ರಕಥಾ ಪುಸ್ತಕದೊಂದಿಗೆ ಸಂಬಂಧವಿದ್ದ ಸ್ಕೈಬೌಂಡ್ ಸಂಸ್ಥೆಯು ಹೊಣೆ ವಹಿಸಿಕೊಂಡು, ಮೂರನೆಯ ಕಂತನ್ನು 2019ರ ಜನವರಿ 15ರಂದು, ನಾಲ್ಕನೆಯದನ್ನು ಮಾರ್ಚ್ 26ರಂದು ಹೊರತಂದಿತು. ವಾಗ್ದಾನವನ್ನು ಮತ್ತೊಬ್ಬರು ಈಡೇರಿಸಿದ ಅಪರೂಪದ ಪ್ರಸಂಗವಿದು.

ಹಿಟ್‌ಮ್ಯಾನ್

ಐಒ ಇಂಟರಾಕ್ಟಿವ್ ಸಂಸ್ಥೆಯ 'ಹಿಟ್‌ಮ್ಯಾನ್' ಆಟದ ಮೊದಲ ಕಂತು 2016ರ ಮಾರ್ಚ್ 11ರಂದು ಬಿಡುಗಡೆಯಾಯಿತು. ಪ್ರಕಾಶಕರು ಆಗಲೇ ಡಿಸ್ಕ್ ಮಾರದೆ, ಎಲ್ಲ ಕಂತುಗಳು ಮುಗಿದ ಬಳಿಕ 2017ರ ಜನವರಿ 31ರಂದು ಪೂರ್ಣ ಡಿಸ್ಕ್ ಹೊರತಂದರು. ಆದರೂ ಆಟದ ಹಲವು ಸೌಲಭ್ಯಗಳಿಗೆ ಸರ್ವರ್ ಸಂಪರ್ಕ ಅಗತ್ಯವಾಗಿತ್ತು. ಡಿಸ್ಕ್ ಪೂರ್ಣವಾಗಿದ್ದ ಮಾತ್ರಕ್ಕೆ ಆಟವು ಸಂಪೂರ್ಣ ಸ್ವತಂತ್ರವಾಗುವುದಿಲ್ಲ ಎಂಬುದಕ್ಕೆ ಇದು ನಿದರ್ಶನ.

ಫೈನಲ್ ಫ್ಯಾಂಟಸಿ 7 ರೀಮೇಕ್

ಸ್ಕ್ವೇರ್ ಎನಿಕ್ಸ್ ಸಂಸ್ಥೆಯು 2020ರ ಏಪ್ರಿಲ್ 10ರಂದು ಎರಡು ಬ್ಲೂ-ರೇ ಡಿಸ್ಕ್‌ಗಳಲ್ಲಿ ಹೊರತಂದ ಈ ಆಟವು 1997ರ ಮೂಲ ಕಥೆಯ ಆರಂಭದ ಭಾಗವನ್ನಷ್ಟೇ ಒಳಗೊಂಡಿದೆ. ಆಟವನ್ನು ಹಲವು ಭಾಗಗಳಲ್ಲಿ ತರುವುದಾಗಿ ಸಂಸ್ಥೆ 2015ರಲ್ಲಿಯೇ ತಿಳಿಸಿತ್ತಾದರೂ ಶೀರ್ಷಿಕೆಯಲ್ಲಿ 'ಭಾಗ 1' ಎಂಬ ಸೂಚನೆ ಇರಲಿಲ್ಲ. ಎರಡನೆಯ ಭಾಗವಾದ 'ರೀಬರ್ತ್' 2024ರ ಫೆಬ್ರುವರಿ 29ರಂದು ಬಂದಿತು.

ಕಾರಣಗಳು

ಪ್ರಕಾಶಕರು ಈ ಪದ್ಧತಿಯನ್ನು ಅನುಸರಿಸಲು ಹಲವು ಕಾರಣಗಳಿವೆ. ಹಬ್ಬ ಮತ್ತು ರಜೆಯ ಕಾಲದಲ್ಲಿ ಅಂಗಡಿಯ ಕಪಾಟಿನಲ್ಲಿ ಪೆಟ್ಟಿಗೆ ಇದ್ದರೆ ಮಾರಾಟ ಹೆಚ್ಚುತ್ತದೆ. ಮೊದಲ ಕಂತಿನ ಆದಾಯದಿಂದ ಮುಂದಿನ ಕಂತುಗಳ ತಯಾರಿಕೆಗೆ ಬಂಡವಾಳ ದೊರೆಯುತ್ತದೆ. ಒಮ್ಮೆ ಮುದ್ರಿಸಿದ ಡಿಸ್ಕ್‌ಗೆ ಹೊಸ ಕಂತನ್ನು ಸೇರಿಸಲು ಸಾಧ್ಯವಿಲ್ಲದುದರಿಂದ, ಆಟ ಮುಗಿಯುವ ಮೊದಲು ಮಾರಬೇಕೆಂದರೆ ಉಳಿದುದನ್ನು ಅಂತರಜಾಲಕ್ಕೆ ಬಿಡುವುದು ಅನಿವಾರ್ಯ. ಡಿಸ್ಕ್‌ನಲ್ಲಿ ಜಾಗವಿಲ್ಲವೆಂಬ ಸಮರ್ಥನೆ ಮಾತ್ರ ಎಲ್ಲೆಡೆ ಸಲ್ಲುವುದಿಲ್ಲ. ಎರಡು ಪದರದ ಬ್ಲೂ-ರೇ ಡಿಸ್ಕ್‌ನ ಸಾಮರ್ಥ್ಯ 50 ಗಿಗಾಬೈಟ್ ಇದ್ದು, 'ಸ್ಟೋರಿ ಮೋಡ್' ಮಾದರಿಯ ಆಟದ ಎಲ್ಲ ಕಂತುಗಳು ಅದರಲ್ಲಿ ಸಲೀಸಾಗಿ ಹಿಡಿಯುತ್ತವೆ.

ಗ್ರಾಹಕರ ಮೇಲಿನ ಪರಿಣಾಮ

ಮರುಮಾರಾಟ: ಪೂರ್ಣ ಡಿಸ್ಕ್ ಅನ್ನು ಪುಸ್ತಕದಂತೆ ಮಾರಬಹುದು, ಎರವಲು ಕೊಡಬಹುದು, ಗ್ರಂಥಾಲಯದಲ್ಲಿ ಇಡಬಹುದು. ಉಳಿದ ಕಂತುಗಳ ಹಕ್ಕು ಒಮ್ಮೆ ಮಾತ್ರ ಬಳಸಬಹುದಾದ ಸಂಕೇತದ ಚೀಟಿಯಲ್ಲಿದ್ದರೆ, ಎರಡನೆಯ ಮಾಲೀಕರಿಗೆ ಮೊದಲ ಕಂತು ಮಾತ್ರ ದಕ್ಕುತ್ತದೆ.

ಅಂತರಜಾಲದ ಅವಲಂಬನೆ: ಡಿಸ್ಕ್ ಕೊಳ್ಳುವವರಲ್ಲಿ ಅನೇಕರು ವೇಗದ ಸಂಪರ್ಕವಿಲ್ಲದ ಕಾರಣಕ್ಕೇ ಡಿಸ್ಕ್ ಕೊಳ್ಳುತ್ತಾರೆ. ಭಾರತದಲ್ಲಿ 2013ರಿಂದ ಸೆಕೆಂಡಿಗೆ 512 ಕಿಲೋಬಿಟ್ ವೇಗದ ಸಂಪರ್ಕವನ್ನು ಬ್ರಾಡ್‌ಬ್ಯಾಂಡ್ ಎಂದು ಪರಿಗಣಿಸಲಾಗುತ್ತಿತ್ತು. 2023ರ ಜನವರಿಯಲ್ಲಿ ಈ ಕನಿಷ್ಠ ಮಿತಿಯನ್ನು 2 ಮೆಗಾಬಿಟ್‌ಗೆ ಏರಿಸಲಾಯಿತು. ಉಳಿದ ಕಂತುಗಳ ಗಾತ್ರ 10 ಗಿಗಾಬೈಟ್ ಎಂದು ಭಾವಿಸಿದರೆ, ಹಳೆಯ ಮಿತಿಯ ವೇಗದಲ್ಲಿ ಅವನ್ನು ಇಳಿಸಿಕೊಳ್ಳಲು 43 ಗಂಟೆಗಳಿಗೂ ಹೆಚ್ಚು ಕಾಲ ಬೇಕು. ಹೊಸ ಮಿತಿಯ ವೇಗದಲ್ಲಿ ಸುಮಾರು 11 ಗಂಟೆ ಬೇಕು. ನಡುವೆ ವಿದ್ಯುತ್ ಅಥವಾ ಸಂಪರ್ಕ ಕಡಿತವಾದರೆ ಈ ಅವಧಿ ಇನ್ನಷ್ಟು ಹೆಚ್ಚುತ್ತದೆ.

ಮಳಿಗೆಗಳ ಮುಚ್ಚುವಿಕೆ: ಎಕ್ಸ್‌ಬಾಕ್ಸ್ 360ರ ಅಂತರಜಾಲ ಮಳಿಗೆಯಲ್ಲಿ 2024ರ ಜುಲೈ 29ರಂದು ಹೊಸ ಮಾರಾಟ ನಿಂತಿತು. ಅಂತಹ ಯಂತ್ರಗಳಿಗೆ ಇಂದು ಸಿಗುವ ಅಪೂರ್ಣ ಡಿಸ್ಕ್‌ಗಳ ಕಥೆಯನ್ನು ಹೊಸದಾಗಿ ಕೊಂಡು ಪೂರ್ತಿಗೊಳಿಸುವ ದಾರಿ ಮುಚ್ಚಿದಂತಾಗಿದೆ.

ಭಾರತ ಮತ್ತು ಕರ್ನಾಟಕದಲ್ಲಿ

ಕಂತು ಆಟಗಳಿಗೆಂದೇ ಪ್ರತ್ಯೇಕ ಕಾನೂನು ಭಾರತದಲ್ಲಿಲ್ಲ. 2020ರ ಜುಲೈ 20ರಂದು ಜಾರಿಗೆ ಬಂದ ಗ್ರಾಹಕ ಸಂರಕ್ಷಣಾ ಕಾಯಿದೆ, 2019 ಇಂತಹ ಮಾರಾಟಕ್ಕೂ ಅನ್ವಯಿಸುತ್ತದೆ. ಸರಕಿನ ಗುಣಮಟ್ಟ, ಪ್ರಮಾಣ ಮತ್ತು ಬೆಲೆಯ ಬಗ್ಗೆ ಮಾಹಿತಿ ಪಡೆಯುವುದನ್ನು ಈ ಕಾಯಿದೆ ಗ್ರಾಹಕರ ಹಕ್ಕೆಂದು ಮನ್ನಿಸುತ್ತದೆ. ಸರಕಿನ ಪ್ರಮಾಣ ಅಥವಾ ಗುಣದ ಬಗ್ಗೆ ತಪ್ಪು ಹೇಳಿಕೆ ನೀಡುವುದನ್ನು ಅನುಚಿತ ವ್ಯಾಪಾರ ಪದ್ಧತಿ ಎಂದು ಪರಿಗಣಿಸುತ್ತದೆ. ಇ-ವಾಣಿಜ್ಯದ ವ್ಯಾಖ್ಯೆಯಲ್ಲಿ ಡಿಜಿಟಲ್ ಉತ್ಪನ್ನಗಳನ್ನೂ ಅದು ಸೇರಿಸಿದೆ. ಹೀಗಾಗಿ, ಒಂದೇ ಕಂತಿರುವ ಡಿಸ್ಕ್ ಅನ್ನು ಪೂರ್ಣ ಆಟವೆಂದು ನಂಬಿಸಿ ಮಾರಿದ ಸಂದರ್ಭದಲ್ಲಿ ದೂರು ಸಲ್ಲಿಸಲು ಅವಕಾಶವಿದೆ. ಉಳಿದ ಭಾಗವನ್ನು ಇಳಿಸಿಕೊಳ್ಳಬೇಕೆಂದು ಪೆಟ್ಟಿಗೆಯ ಮೇಲೆ ಸ್ಪಷ್ಟವಾಗಿ ಮುದ್ರಿಸಿದ್ದರೆ ದೂರಿನ ಬಲ ಕುಗ್ಗುತ್ತದೆ.

ಈ ಕಾಯಿದೆಯ ಪ್ರಕಾರ ದೂರುದಾರರು ತಾವು ವಾಸಿಸುವ ಸ್ಥಳದ ಜಿಲ್ಲಾ ಗ್ರಾಹಕ ಆಯೋಗದಲ್ಲಿಯೇ ದೂರು ಸಲ್ಲಿಸಬಹುದು. ಉದಾಹರಣೆಗೆ, ಮುಧೋಳ, ಜಮಖಂಡಿ, ಬೀಳಗಿ ಅಥವಾ ರಬಕವಿ-ಬನಹಟ್ಟಿಯ ನಿವಾಸಿಯು ಬೆಂಗಳೂರಿನ ಮಾರಾಟಗಾರರಿಂದ ಡಿಸ್ಕ್ ತರಿಸಿಕೊಂಡಿದ್ದರೆ ಬೆಂಗಳೂರಿಗೆ ಹೋಗಬೇಕಿಲ್ಲ; ಬಾಗಲಕೋಟೆ ಜಿಲ್ಲೆಯ ಆಯೋಗವನ್ನು ಸಂಪರ್ಕಿಸಬಹುದು. ತೆತ್ತ ಬೆಲೆ 5 ಲಕ್ಷ ರೂಪಾಯಿಗಳವರೆಗೆ ಇದ್ದಲ್ಲಿ ದೂರಿಗೆ ಶುಲ್ಕವಿಲ್ಲ. ದೂರಿಗೆ ಕಾರಣ ಉಂಟಾದ ದಿನದಿಂದ 2 ವರ್ಷಗಳೊಳಗೆ ಅದನ್ನು ಸಲ್ಲಿಸಬೇಕು. ರಸೀದಿ, ಪೆಟ್ಟಿಗೆಯ ಹಿಂಬದಿಯ ಬರಹ ಮತ್ತು ಜಾಹೀರಾತಿನ ಪ್ರತಿ ಮುಖ್ಯ ಸಾಕ್ಷ್ಯಗಳಾಗುತ್ತವೆ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯ ಸಂಖ್ಯೆ 1915.

ಸಂರಕ್ಷಣೆಯ ಪ್ರಶ್ನೆ

ಭಾರತದಲ್ಲಿ ಪ್ರಕಟವಾಗುವ ಪುಸ್ತಕಗಳ ಪ್ರತಿಗಳನ್ನು 1954ರ ಕಾಯಿದೆಯೊಂದರ ಮೇರೆಗೆ ಕೋಲ್ಕತ್ತದ ರಾಷ್ಟ್ರೀಯ ಗ್ರಂಥಾಲಯ ಮೊದಲಾದ ನಿಗದಿತ ಗ್ರಂಥಾಲಯಗಳಿಗೆ ಸಲ್ಲಿಸಬೇಕು. ಆ ಕಾಯಿದೆ ಪುಸ್ತಕ ಮತ್ತು ಪತ್ರಿಕೆಗಳಿಗೆ ಸೀಮಿತವಾಗಿದ್ದು, ವಿಡಿಯೋ ಆಟಗಳನ್ನು ಒಳಗೊಳ್ಳುವುದಿಲ್ಲ. ಅಮೆರಿಕದ ವಿಡಿಯೋ ಗೇಮ್ ಹಿಸ್ಟರಿ ಫೌಂಡೇಶನ್ 2023ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಆ ದೇಶದಲ್ಲಿ 2010ಕ್ಕಿಂತ ಮೊದಲು ಬಿಡುಗಡೆಯಾದ ಆಟಗಳಲ್ಲಿ ಶೇಕಡ 87ರಷ್ಟು ಈಗ ಮಾರಾಟದಲ್ಲಿಲ್ಲ. ಹಳೆಯ ಡಿಸ್ಕ್‌ಗಳೇ ಅಂತಹ ಆಟಗಳಿಗೆ ಮುಖ್ಯ ಆಸರೆ. ಡಿಸ್ಕ್‌ನಲ್ಲಿ ಒಂದು ಕಂತು ಮಾತ್ರವಿದ್ದರೆ ಸಂಗ್ರಹಾಲಯದಲ್ಲಿ ಉಳಿಯುವುದೂ ಒಂದು ಕಂತು ಮಾತ್ರ.

ಇತ್ತೀಚಿನ ಬೆಳವಣಿಗೆಗಳು

ಡಿಜಿಟಲ್ ಸರಕಿನ ಪರವಾನಗಿಯನ್ನಷ್ಟೇ ನೀಡುವಾಗ ಆ ಸಂಗತಿಯನ್ನು ತಿಳಿಸದೆ 'ಖರೀದಿ' ಎಂಬ ಪದ ಬಳಸುವುದನ್ನು ನಿರ್ಬಂಧಿಸುವ ಕಾನೂನು ಕ್ಯಾಲಿಫೋರ್ನಿಯಾದಲ್ಲಿ 2025ರ ಜನವರಿ 1ರಿಂದ ಜಾರಿಯಲ್ಲಿದೆ. ಮಾರಿದ ಆಟಗಳನ್ನು ಆಡಲಾಗದಂತೆ ಮಾಡುವುದನ್ನು ವಿರೋಧಿಸಿ 2024ರಲ್ಲಿ ಆರಂಭವಾದ 'ಸ್ಟಾಪ್ ಕಿಲ್ಲಿಂಗ್ ಗೇಮ್ಸ್' ಚಳವಳಿಯ ಮನವಿಗೆ ಯುರೋಪಿಯನ್ ಒಕ್ಕೂಟದಲ್ಲಿ 2025ರ ಜುಲೈ ವೇಳೆಗೆ 10 ಲಕ್ಷಕ್ಕೂ ಹೆಚ್ಚು ಸಹಿಗಳು ಬಿದ್ದವು. 2025ರ ಜೂನ್ 5ರಂದು ಬಿಡುಗಡೆಯಾದ ನಿಂಟೆಂಡೊ ಸ್ವಿಚ್ 2 ಯಂತ್ರಕ್ಕೆ 'ಗೇಮ್-ಕೀ ಕಾರ್ಡ್' ಎಂಬ ಬಗೆಯ ಕಾರ್ಡುಗಳು ಬಂದಿವೆ. ಅವುಗಳಲ್ಲಿ ಆಟ ಇರುವುದಿಲ್ಲ, ಇಳಿಸಿಕೊಳ್ಳಲು ಬೇಕಾದ ಕೀಲಿ ಮಾತ್ರ ಇರುತ್ತದೆ. ಈ ಸಂಗತಿಯನ್ನು ಪೆಟ್ಟಿಗೆಯ ಮುಂಭಾಗದಲ್ಲಿಯೇ ಮುದ್ರಿಸಲಾಗುತ್ತದೆ. ಕೊಳ್ಳುವ ಮುನ್ನವೇ ವಿಷಯ ತಿಳಿಯುವುದು ಇದರ ಅನುಕೂಲ. ಆದರೆ ಸರ್ವರ್ ಮುಚ್ಚಿದ ಮೇಲೆ ಆಟವನ್ನು ಹೊಸದಾಗಿ ಇಳಿಸಿಕೊಳ್ಳಲಾಗದು ಎಂಬ ಮೂಲ ಸಮಸ್ಯೆ ಇಲ್ಲಿಯೂ ಹಾಗೆಯೇ ಉಳಿದಿದೆ.

ಇವನ್ನೂ ನೋಡಿ

ವಿಡಿಯೋ ಆಟ
ಬ್ಲೂ-ರೇ ಡಿಸ್ಕ್
ಧಾರಾವಾಹಿ
ಗ್ರಾಹಕ ಸಂರಕ್ಷಣಾ ಕಾಯಿದೆ, 2019