ಹಿಂದೂಪುರವೋ, ಕಲ್ಯಾಣದುರ್ಗವೋ? ಕಡಿಮೆ ಬಜೆಟ್‌ನಲ್ಲಿ ಕೆಲಸಕ್ಕೆ ಊರು ಬಿಡುವವರಿಗೆ ಒಂದು ಲೆಕ್ಕ

ಕರಾವಳಿಯ ಬ್ಯಾರಿ ಮನೆಗಳಲ್ಲಿ "ಮಗ ಕೆಲಸಕ್ಕೆ ಹೋಗಿದ್ದಾನೆ" ಎಂದರೆ ಬಹಳ ಕಾಲ ಗಲ್ಫ್, ಮುಂಬೈ ಇಲ್ಲವೇ ಬೆಂಗಳೂರು ಎಂದೇ ಅರ್ಥವಿತ್ತು. ಆದರೆ ಬೆಂಗಳೂರಿನ ಬಾಡಿಗೆ ಮತ್ತು ಅದರ ಮೇಲೆ ಕೇಳುವ ಹಲವು ತಿಂಗಳ ಅಡ್ವಾನ್ಸ್ ಕೊಟ್ಟರೆ 18-20 ಸಾವಿರ ಸಂಬಳದ ಹುಡುಗನ ಕೈಯಲ್ಲಿ ಏನೂ ಉಳಿಯುವುದಿಲ್ಲ. ಹಾಗಾಗಿ ಗಡಿ ದಾಟಿದ ಕೂಡಲೇ ಸಿಗುವ ಆಂಧ್ರದ ಪಟ್ಟಣಗಳ ಕಡೆ ಕಣ್ಣು ಹೋಗುವುದು ಸಹಜ. ಅಂಥ ಎರಡು ಹೆಸರು ಹಿಂದೂಪುರ ಮತ್ತು ಕಲ್ಯಾಣದುರ್ಗ.

"ಅಲ್ಲಿ ಬಾಡಿಗೆ ಕಡಿಮೆ" ಎಂಬ ಒಂದೇ ಮಾತು ಕೇಳಿ ಬ್ಯಾಗ್ ಕಟ್ಟುವುದು ಸರಿಯಲ್ಲ. ಬಾಡಿಗೆ ಕಡಿಮೆ ಇರುವ ಊರೆಲ್ಲ ಖರ್ಚು ಕಡಿಮೆ ಇರುವ ಊರಲ್ಲ. ಕೆಲಸದ ಜಾಗ, ಹೋಗಿ ಬರುವ ದಾರಿ, ನೀರು, ಮಕ್ಕಳ ಓದು, ಊರಿಗೆ ಬರುವ ಪ್ರಯಾಣ ಇಷ್ಟನ್ನೂ ಸೇರಿಸಿದರೆ ಮಾತ್ರ ಲೆಕ್ಕ ಪೂರ್ತಿ ಆಗುತ್ತದೆ.

ಎರಡು ಊರು, ಎರಡು ಸ್ವಭಾವ

ಹಿಂದೂಪುರ ಮೊದಲು ಅನಂತಪುರ ಜಿಲ್ಲೆಯಲ್ಲಿತ್ತು. 2022ರ ಏಪ್ರಿಲ್‌ನಲ್ಲಿ ಜಿಲ್ಲೆಗಳ ವಿಂಗಡಣೆಯಾದ ಮೇಲೆ ಪುಟ್ಟಪರ್ತಿ ಕೇಂದ್ರವಾಗಿರುವ ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿದೆ. ನಮ್ಮ ಗೌರಿಬಿದನೂರಿನ ಪಕ್ಕದ ಊರು, ಬೆಂಗಳೂರಿನಿಂದ ಸುಮಾರು 100 ಕಿ.ಮೀ. ಜನಸಂಖ್ಯೆ 2011ರ ಗಣತಿಯಲ್ಲೇ ಒಂದೂವರೆ ಲಕ್ಷದ ಆಸುಪಾಸಿನಲ್ಲಿತ್ತು. ಹುಣಸೆಹಣ್ಣು, ಬೆಲ್ಲ, ಮೆಣಸಿನಕಾಯಿ, ರೇಷ್ಮೆಗೂಡಿನ ವ್ಯಾಪಾರಕ್ಕೆ ಹಳೆಯ ಹೆಸರು. ಊರ ಹೊರಗೆ ತೂಮುಕುಂಟ, ಗೊಲ್ಲಾಪುರದಲ್ಲಿ ಕೈಗಾರಿಕಾ ಪ್ರದೇಶಗಳಿವೆ. ಪೆನುಕೊಂಡ ಬಳಿಯ ಎರ್ರಮಂಚಿಯಲ್ಲಿ 2019ರಲ್ಲಿ ಕಿಯಾ ಕಾರು ಕಾರ್ಖಾನೆ ಉತ್ಪಾದನೆ ಶುರು ಮಾಡಿತು. ಅದರ ಸುತ್ತ ಬಿಡಿಭಾಗ ಮಾಡುವ ಕಂಪೆನಿಗಳೂ ಬಂದವು.

ಕಲ್ಯಾಣದುರ್ಗ ಈಗಲೂ ಅನಂತಪುರ ಜಿಲ್ಲೆಯಲ್ಲೇ ಇದೆ. ಹಿಂದೂಪುರಕ್ಕೆ ಹೋಲಿಸಿದರೆ ತುಂಬಾ ಸಣ್ಣ ಪಟ್ಟಣ. ಪಾವಗಡ, ರಾಯದುರ್ಗ ಅದರ ನೆರೆಯ ಊರುಗಳು. ಸುತ್ತ ನೆಲಗಡಲೆ ಬೆಳೆಯುವ ಒಣಭೂಮಿ, ಗುಡ್ಡಗಳ ಮೇಲೆ ಗಾಳಿ ವಿದ್ಯುತ್ ಯಂತ್ರಗಳು. ಕಂದಾಯ ವಿಭಾಗದ ಕಚೇರಿ, ರೂರಲ್ ಡೆವಲಪ್‌ಮೆಂಟ್ ಟ್ರಸ್ಟ್‌ನ ಆಸ್ಪತ್ರೆ, ಅಂಗಡಿ ವ್ಯಾಪಾರ ಇಲ್ಲಿಯ ಆಸರೆ. ದೊಡ್ಡ ಕಾರ್ಖಾನೆಗಳ ಸಾಲು ಇಲ್ಲಿಲ್ಲ. ಗಾಳಿ ಮತ್ತು ಸೋಲಾರ್ ಘಟಕಗಳಲ್ಲಿ ಕಟ್ಟುವಾಗ ತುಂಬಾ ಜನ ಬೇಕು, ಕಟ್ಟಿ ಮುಗಿದ ಮೇಲೆ ನಿರ್ವಹಣೆಗೆ ಕೆಲವರು ಸಾಕು. ಈ ಭಾಗದ ಎಷ್ಟೋ ಜನ ಕೆಲಸ ಹುಡುಕಿ ಬೆಂಗಳೂರಿಗೆ ಬರುತ್ತಾರೆ ಎಂಬುದನ್ನೂ ಮರೆಯಬಾರದು.

ಮೊದಲು ಕೆಲಸ, ಆಮೇಲೆ ಮನೆ

ಆಂಧ್ರಪ್ರದೇಶ 2019ರ ಜುಲೈಯಲ್ಲಿ ಒಂದು ಕಾನೂನು ಪಾಸು ಮಾಡಿತು. ಕೈಗಾರಿಕೆಗಳಲ್ಲಿ ಶೇ. 75 ಉದ್ಯೋಗ ಸ್ಥಳೀಯರಿಗೆ ಕೊಡಬೇಕು ಎನ್ನುವುದು ಅದರ ಸಾರ. ಸ್ಥಳೀಯರು ಎಂದರೆ ಆಂಧ್ರದ ನಿವಾಸಿಗಳು. ಈ ಕಾನೂನನ್ನು ಹೈಕೋರ್ಟ್‌ನಲ್ಲಿ ಪ್ರಶ್ನಿಸಲಾಯಿತು. ಹರಿಯಾಣದ ಇಂಥದ್ದೇ ಕಾನೂನನ್ನು ಅಲ್ಲಿನ ಹೈಕೋರ್ಟ್ 2023ರ ನವೆಂಬರ್‌ನಲ್ಲಿ ರದ್ದು ಮಾಡಿದೆ. ಕೋರ್ಟಿನ ವಿಚಾರ ಏನೇ ಇರಲಿ, ಸ್ಥಳೀಯರಿಗೆ ಆದ್ಯತೆ ಕೊಡುವ ಕಡೆ ದಕ್ಷಿಣ ಕನ್ನಡದ ಆಧಾರ್ ಹಿಡಿದು ಹೋದವನಿಗೆ ಗೇಟಿನಲ್ಲೇ ಉತ್ತರ ಸಿಗಬಹುದು. ಅದಕ್ಕೇ ನೇಮಕಾತಿ ಪತ್ರ ಕೈಗೆ ಬರುವ ಮೊದಲು ಮನೆಗೆ ಅಡ್ವಾನ್ಸ್ ಕೊಡಬಾರದು. ಕೆಲಸ ಕೊಡಿಸುತ್ತೇವೆ ಎಂದು ಹಣ ಕೇಳುವವರ ಹತ್ತಿರವಂತೂ ಹೋಗಲೇಬಾರದು.

ಪತ್ರ ಬಂದ ಮೇಲೂ ಕೇಳಬೇಕಾದ ಪ್ರಶ್ನೆಗಳಿವೆ. ನೇಮಕಾತಿ ಕಂಪೆನಿಯದ್ದಾ, ಗುತ್ತಿಗೆದಾರನದ್ದಾ? ಪಿಎಫ್ ಕಟ್ಟುತ್ತಾರಾ? ತಿಂಗಳ ವೇತನ 21,000 ರೂ. ಒಳಗಿದ್ದರೆ ಇಎಸ್‌ಐ ಇದೆಯಾ? ಕಂಪೆನಿ ಬಸ್ ಯಾವ ಸ್ಟಾಪಿನವರೆಗೆ ಬರುತ್ತದೆ? ಶುಕ್ರವಾರ ಜುಮಾಕ್ಕೆ ಹೊರಗೆ ಬಿಡುತ್ತಾರಾ? ಇವನ್ನು ಸೇರುವ ಮೊದಲೇ ಕೇಳಿದರೆ ಯಾರೂ ತಪ್ಪು ತಿಳಿಯುವುದಿಲ್ಲ.

ಬೈಕಿನ ಪೆಟ್ರೋಲು ತಿನ್ನುವ ಬಾಡಿಗೆ

ಲೆಕ್ಕಕ್ಕಾಗಿ ಎರಡು ಮನೆ ಇಟ್ಟುಕೊಳ್ಳೋಣ. ಒಂದು ಕೆಲಸದ ಹತ್ತಿರ, ಬಾಡಿಗೆ 5,000 ರೂ. ಇನ್ನೊಂದು 40 ಕಿ.ಮೀ. ದೂರ, ಬಾಡಿಗೆ 3,000 ರೂ. ಎರಡನೆಯದರಲ್ಲಿ ಎರಡು ಸಾವಿರ ಉಳಿತಾಯ ಅಂತ ಅನಿಸುತ್ತದೆ. ಆದರೆ ದಿನಕ್ಕೆ 80 ಕಿ.ಮೀ. ಬೈಕ್ ಓಡಿಸಬೇಕು. ಲೀಟರಿಗೆ 50 ಕಿ.ಮೀ. ಮೈಲೇಜ್, ಪೆಟ್ರೋಲಿಗೆ 110 ರೂ. ಎಂದು ಹಿಡಿದರೆ ದಿನಕ್ಕೆ 176 ರೂ., 26 ದಿನಕ್ಕೆ 4,576 ರೂ. ಬಾಡಿಗೆ ಸೇರಿ 7,576 ರೂ. ಅಗ್ಗದ ಮನೆಯೇ ದುಬಾರಿ ಆಯಿತು! ಟೈರು, ಸರ್ವಿಸ್, ದಿನಕ್ಕೆ ಎರಡು ಗಂಟೆ ರಸ್ತೆಯಲ್ಲಿ ಕಳೆಯುವ ಆಯಾಸ ಬೇರೆ.

ಹಿಂದೂಪುರದಲ್ಲಿ ಮನೆ ಮಾಡಿ ಪೆನುಕೊಂಡ ಕಡೆ ಕೆಲಸಕ್ಕೆ ಹೋಗುವವರಿಗೆ ಈ ಲೆಕ್ಕ ನೇರವಾಗಿ ಅನ್ವಯ ಆಗುತ್ತದೆ. ದೂರ ಹೆಚ್ಚುಕಡಿಮೆ ಅಷ್ಟೇ. ಕಂಪೆನಿ ಬಸ್ ಇದ್ದರೆ ಹಿಂದೂಪುರ ಒಳ್ಳೆಯದು. ಇಲ್ಲದಿದ್ದರೆ ಪೆನುಕೊಂಡದಲ್ಲೇ ರೂಮು ಹುಡುಕುವುದು ಮೇಲು. ಕಲ್ಯಾಣದುರ್ಗದಲ್ಲಿ ಮನೆ ಮಾಡಿ ಈ ಕಾರ್ಖಾನೆಗಳಿಗೆ ದಿನಾ ಹೋಗಿ ಬರುವುದು ಆಗುವ ಮಾತಲ್ಲ. ಕೆಲಸ ಕಲ್ಯಾಣದುರ್ಗದಲ್ಲೇ ಇದ್ದವರಿಗೆ ಮಾತ್ರ ಆ ಊರಿನ ಅಗ್ಗದ ಬಾಡಿಗೆ ನಿಜವಾದ ಲಾಭ.

ಊರಿಗೆ ಬರುವ ದಾರಿ

ಹಿಂದೂಪುರ ಬೆಂಗಳೂರು-ಗುಂತಕಲ್ ರೈಲು ಮಾರ್ಗದಲ್ಲಿದೆ. ಶನಿವಾರ ಕೆಲಸ ಮುಗಿಸಿ ಬೆಂಗಳೂರಿಗೆ ಬಂದು ರಾತ್ರಿ ಬಸ್ ಹಿಡಿದರೆ ಬೆಳಿಗ್ಗೆ ಮಂಗಳೂರು. ಕಲ್ಯಾಣದುರ್ಗಕ್ಕೆ ರಾಯದುರ್ಗದ ಕಡೆಯಿಂದ ರೈಲು ಇದೆ. ಆದರೆ ಪಾವಗಡ, ಮಧುಗಿರಿ ಮೂಲಕ ತುಮಕೂರಿಗೆ ಸೇರಿಸುವ ಮಾರ್ಗದ ಕೆಲಸ ವರ್ಷಗಟ್ಟಲೆಯಿಂದ ಎಳೆಯುತ್ತಾ ಬಂದಿದೆ. ಅಲ್ಲಿಂದ ಬೆಂಗಳೂರಿಗೆ ಸುಮಾರು 200 ಕಿ.ಮೀ., ಅದೂ ಹೆಚ್ಚಾಗಿ ಬಸ್ಸನ್ನೇ ನಂಬಬೇಕು. ಮನೆಯಲ್ಲಿ ಪ್ರಾಯದ ಉಮ್ಮ, ಬಾಪ ಇರುವವರು ಇದನ್ನು ಬಾಡಿಗೆಯಷ್ಟೇ ಮುಖ್ಯ ಎಂದು ತಿಳಿಯಬೇಕು.

ನೀರು, ಮಾತು, ಊಟ

ಅನಂತಪುರ ಸೀಮೆ ದೇಶದಲ್ಲೇ ತೀರಾ ಕಡಿಮೆ ಮಳೆಯ ಪ್ರದೇಶಗಳಲ್ಲಿ ಒಂದು. ಬಾವಿ ನೀರು ಕುಡಿದು ಬೆಳೆದ ಕರಾವಳಿಯವರಿಗೆ ಇದು ಮೊದಲ ಪೆಟ್ಟು. ಈ ಭಾಗದ ಅಂತರ್ಜಲದಲ್ಲಿ ಫ್ಲೋರೈಡ್ ಸಮಸ್ಯೆ ಹಳೆಯದು. ಮನೆ ನೋಡುವಾಗ ನಳ್ಳಿ ನೀರು ಎಷ್ಟು ದಿನಕ್ಕೊಮ್ಮೆ ಬರುತ್ತದೆ, ಬೇಸಿಗೆಯಲ್ಲಿ ಟ್ಯಾಂಕರ್ ದುಡ್ಡು ಯಾರು ಕೊಡಬೇಕು ಎಂದು ಪಕ್ಕದ ಮನೆಯವರಲ್ಲಿ ವಿಚಾರಿಸಬೇಕು. ಕುಡಿಯುವ ನೀರಿಗೆ ತಿಂಗಳ ಖರ್ಚು ಬೇರೆಯೇ ತೆಗೆದಿಡಬೇಕು.

ಮಾತಿನ ತೊಂದರೆ ದೊಡ್ಡದಲ್ಲ. ಹಿಂದೂಪುರದಲ್ಲಿ ಉರ್ದು ಮಾತಾಡುವ ಮುಸ್ಲಿಮರು ದೊಡ್ಡ ಸಂಖ್ಯೆಯಲ್ಲಿದ್ದಾರೆ, ಕನ್ನಡವೂ ನಡೆಯುತ್ತದೆ. ತೆಲುಗು ಲಿಪಿ ಕನ್ನಡಕ್ಕೆ ಹತ್ತಿರ, ಬೋರ್ಡು ಓದಲು ಬೇಗ ಕಲಿಯಬಹುದು. ಆದರೆ ಸರಕಾರಿ ಕಚೇರಿಯಲ್ಲಿ ತೆಲುಗು ಬೇಕೇ ಬೇಕು. ಕುಚ್ಚಲಕ್ಕಿ, ತಾಜಾ ಬೂತಾಯಿ-ಬಂಗುಡೆ ನಿರೀಕ್ಷಿಸಬಾರದು. ನಾವು ಶಾಫಿಈಗಳು. ಅಲ್ಲಿನ ಉರ್ದು ಭಾಷಿಕರ ಮಸೀದಿಗಳು ಹೆಚ್ಚಾಗಿ ಹನಫಿ ಕ್ರಮದವು, ಅಸರ್ ಜಮಾಅತ್ ತಡವಾಗಿ ನಡೆಯುತ್ತದೆ. ಹೊಸಬರು ಗಾಬರಿಯಾಗಬೇಕಿಲ್ಲ.

ಮಕ್ಕಳಿದ್ದರೆ ಎರಡು ಸಲ ಯೋಚಿಸಿ

ಕರ್ನಾಟಕದಲ್ಲಿ ಸಿಇಟಿ ಮೂಲಕ ಇಂಜಿನಿಯರಿಂಗ್ ಸೀಟು ಪಡೆಯಲು ಸಾಮಾನ್ಯ ನಿಯಮದಂತೆ 1ನೇ ತರಗತಿಯಿಂದ ದ್ವಿತೀಯ ಪಿಯುಸಿ ಒಳಗೆ ಕನಿಷ್ಠ 7 ವರ್ಷ ರಾಜ್ಯದಲ್ಲೇ ಓದಿರಬೇಕು. ಆಂಧ್ರದಲ್ಲೂ "ಲೋಕಲ್" ಎನಿಸಿಕೊಳ್ಳಲು ಕೊನೆಯ 4 ವರ್ಷ ಸತತವಾಗಿ ಅಲ್ಲೇ ಓದಿರಬೇಕು. ಹೈಸ್ಕೂಲಿನ ಮಧ್ಯದಲ್ಲಿ ಮಗುವನ್ನು ಅತ್ತಿತ್ತ ಮಾಡಿದರೆ ಎರಡೂ ಕಡೆ ಹಕ್ಕು ತಪ್ಪುವ ಅಪಾಯವಿದೆ. ಎರಡು ಸಾವಿರ ಬಾಡಿಗೆ ಉಳಿಸಲು ಹೋಗಿ ಮಗಳ ಸೀಟು ಕಳಕೊಳ್ಳುವುದು ಯಾವ ಲೆಕ್ಕ? ಮೊದಲ ಆರು ತಿಂಗಳು ಒಬ್ಬರೇ ಹೋಗಿ ರೂಮು ಹಂಚಿಕೊಂಡಿದ್ದು, ಕೆಲಸ ಗಟ್ಟಿಯಾದ ಮೇಲೆ ಕುಟುಂಬದ ಬಗ್ಗೆ ತೀರ್ಮಾನಿಸುವುದು ಕ್ಷೇಮ.

ಕಾಗದಪತ್ರ

ಬಾಡಿಗೆ ಕರಾರು ಸಾಮಾನ್ಯವಾಗಿ 11 ತಿಂಗಳಿಗೆ ಮಾಡುತ್ತಾರೆ. ಅಡ್ವಾನ್ಸ್ ಎಷ್ಟು, ಬಿಡುವಾಗ ಎಷ್ಟು ಹಿಡಿಯುತ್ತಾರೆ ಎಂದು ಅದರಲ್ಲೇ ಬರೆಸಬೇಕು, ಹಣವನ್ನು ಬ್ಯಾಂಕ್ ಮೂಲಕ ಕೊಡಬೇಕು. ಆಧಾರ್ ಜೋಡಿಸಿದ ಬಿಪಿಎಲ್ ಕಾರ್ಡ್ ಇದ್ದರೆ "ಒಂದು ದೇಶ ಒಂದು ಪಡಿತರ ಚೀಟಿ" ವ್ಯವಸ್ಥೆಯಲ್ಲಿ ಆಂಧ್ರದಲ್ಲೂ ನಿಮ್ಮ ಪಾಲಿನ ಪಡಿತರ ಪಡೆಯಬಹುದು, ಮನೆಯವರು ಊರಲ್ಲಿ ಅವರ ಪಾಲು ತೆಗೆದುಕೊಳ್ಳಬಹುದು. ಕೆಎ-19, ಕೆಎ-21 ನಂಬರಿನ ಬೈಕನ್ನು 12 ತಿಂಗಳಿಗಿಂತ ಹೆಚ್ಚು ಅಲ್ಲಿ ಇಟ್ಟುಕೊಂಡರೆ ಅಲ್ಲಿನ ನೋಂದಣಿ ಮಾಡಿಸಬೇಕಾಗುತ್ತದೆ.

ಕಾರ್ಖಾನೆ ಕೆಲಸ, ವ್ಯಾಪಾರ, ಆಗಾಗ ಊರಿಗೆ ಬರುವ ಅಗತ್ಯ ಇದ್ದವರಿಗೆ ಹಿಂದೂಪುರ. ಆಸ್ಪತ್ರೆ, ಬ್ಯಾಂಕ್, ಗಾಳಿ ವಿದ್ಯುತ್ ಅಂತ ಕಲ್ಯಾಣದುರ್ಗದಲ್ಲೇ ಖಾಯಂ ಕೆಲಸ ಸಿಕ್ಕಿದವರಿಗೆ ಕಲ್ಯಾಣದುರ್ಗ. ಎರಡರಲ್ಲೂ ಪತ್ರ ಕೈಗೆ ಬಂದಿಲ್ಲವಾದರೆ, ಸದ್ಯಕ್ಕೆ ಊರೇ ಸರಿ.