ಬಿದನೂರಿನ ಶರಣಾಗತಿಯ ಕರಾರು

ಕೋಟೆಯನ್ನೊಪ್ಪಿಸುವ ಕರಾರು ರಾಜರಾಜರ ಒಪ್ಪಂದದಷ್ಟೇ ಬಂಧಕವೆ? ಶಿವಮೊಗ್ಗೆಯ ಪಶ್ಚಿಮಕ್ಕಿರುವ ನಗರ, ಅಂದರೆ ಕೆಳದಿಯರಸರ ಬಿದನೂರು, ಈ ಪ್ರಶ್ನೆಯನ್ನೆತ್ತುತ್ತದೆ. 1783ರ ಜನವರಿಯಲ್ಲಿ ಅದರ ಅಧಿಪತಿ ಷೇಕ್ ಅಯಾಜನು ಅದನ್ನು ಕಂಪೆನಿಯ ಸೇನಾನಿ ಮ್ಯಾಥ್ಯೂಸನಿಗೆ ಒಪ್ಪಿಸಿದನು. ಕೆಲವೇ ತಿಂಗಳಲ್ಲಿ ಟಿಪ್ಪು ಮುತ್ತಿಗೆ ಹಾಕಲು, ಮ್ಯಾಥ್ಯೂಸನೂ ಕರಾರಿನ ಮೇಲೆಯೇ ಶರಣಾದನು: ಸರ್ಕಾರಿ ಸೊತ್ತನ್ನು ಬಿಟ್ಟು ಸೈನ್ಯವು ಕರಾವಳಿಗೆ ತೆರಳತಕ್ಕದ್ದು. ಬೊಕ್ಕಸ ಬರಿದಾಗಿದ್ದುದನ್ನು ಕಂಡ ಟಿಪ್ಪುವು, ಕರಾರು ಮುರಿಯಿತೆಂದು ಅವರನ್ನು ಸೆರೆಹಿಡಿದನು. ಆಂಗ್ಲ ಇತಿಹಾಸಕಾರರನೇಕರು ಇದನ್ನು ವಿಶ್ವಾಸಘಾತವೆಂದು ಬರೆದರು. ಮೊದಲು ಮುರಿದವರಾರೆಂಬುದನ್ನು ಬದಿಗಿರಿಸಿ ಹೀಗೆನ್ನುವುದು ನ್ಯಾಯವಲ್ಲ. ಶರಣಾಗತಿಯ ಕರಾರನ್ನು ಉಭಯಪಕ್ಷಗಳೂ ಚಾಚೂ ತಪ್ಪದೆ ಪಾಲಿಸಬೇಕೆಂದು 1907ರ ಹೇಗ್ ನಿಯಮಾವಳಿಯ 35ನೆಯ ವಿಧಿ ವಿಧಿಸಿತು. ಬಿದನೂರಿನಲ್ಲಾದರೋ ಗೆದ್ದವನೇ ತೀರ್ಪುಗಾರನೂ ಆಗಿದ್ದನು. ಬದುಕುಳಿದ ಸೆರೆಯಾಳುಗಳಲ್ಲಿ ಹಲವರು 1784ರ ಮಾರ್ಚ್ 11ರ ಮಂಗಳೂರು ಒಪ್ಪಂದದಿಂದ ಬಿಡುಗಡೆ ಹೊಂದಿದರು. ಮ್ಯಾಥ್ಯೂಸನು ಅಷ್ಟರಲ್ಲಿ ಸೆರೆಯಲ್ಲಿಯೇ ಮಡಿದಿದ್ದನು.