ಗಿಡ್ಡ ಜಪಾನಿ ಮೇಪಲ್

ಏಸರ್ ಪಾಲ್ಮೇಟಮ್ ಎಂಬ ಮರದ ನಿಧಾನವಾಗಿ ಬೆಳೆಯುವ, ಒತ್ತೊತ್ತಾದ ರೆಂಬೆಗಳ ತಳಿಗಳಿಗೆಲ್ಲ ಸೇರಿ ಇರುವ ಹೆಸರು. ಮೂಲಮರ ಜಪಾನ್ ಮತ್ತು ಕೊರಿಯದ ಬೆಟ್ಟಕಾಡುಗಳದ್ದು. ದೊಡ್ಡ ಮರಗಳ ನೆರಳಿನಂಚಿನಲ್ಲಿ 6ರಿಂದ 10 ಮೀಟರ್ ಎತ್ತರಕ್ಕೆ ಬೆಳೆಯುತ್ತದೆ. 1775–76ರಲ್ಲಿ ಜಪಾನಿನಲ್ಲಿದ್ದ ಸ್ವೀಡನ್ನಿನ ಸಸ್ಯವಿಜ್ಞಾನಿ ಕಾರ್ಲ್ ಪೀಟರ್ ಥುನ್‌ಬೆರ್ಗ್ 1784ರಲ್ಲಿ ಇದಕ್ಕೆ ಈ ಶಾಸ್ತ್ರೀಯ ಹೆಸರು ಕೊಟ್ಟ. ಅವನ ಕಣ್ಣಿಗೆ ಎಲೆ ಬಿಚ್ಚಿದ ಅಂಗೈಯಂತೆ ಕಂಡಿತ್ತು. ಜಪಾನಿಯರಿಗೆ ಅದು ಕಪ್ಪೆಯ ಕೈ: 'ಕಾಯೆದೆ' ಎಂಬ ಹೆಸರು ಬಂದದ್ದು ಆ ಅರ್ಥದಿಂದ. ಕೆಂಪಾದ ಎಲೆಯ ಚೆಲುವನ್ನು ನೆನೆದು ಕರೆಯುವ ಹೆಸರು 'ಮೊಮಿಜಿ'. ನಮ್ಮ ಅಂಟುವಾಳ ಮತ್ತು ಲಿಚಿ ಇದರ ಸಸ್ಯಕುಟುಂಬದವೇ.

ಎಡೊ ಕಾಲದ ಜಪಾನಿ ತೋಟಗಾರರು ಎಲೆಯ ಬಣ್ಣ, ಸೀಳು, ಗಾತ್ರಗಳಲ್ಲಿ ಕಂಡ ಒಂದೊಂದು ವ್ಯತ್ಯಾಸವನ್ನೂ ಆರಿಸಿ, ಕಸಿ ಕಟ್ಟಿ ಉಳಿಸಿಕೊಂಡರು. ಇಂದು ಹೆಸರುಳ್ಳ ತಳಿಗಳು ಸಾವಿರ ಮೀರಿವೆ. ಗಿಡ್ಡ ತಳಿಗಳಲ್ಲಿ 'ಯಾತ್ಸುಬುಸ' ಗುಂಪು ಮುಖ್ಯ. ಇವುಗಳಲ್ಲಿ ಗೆಣ್ಣುಗಳ ನಡುವಿನ ಅಂತರ ತೀರ ಕಡಿಮೆ, ಹಾಗಾಗಿ ಎಲೆಗಳು ಹೆಂಚು ಹೊದಿಸಿದಂತೆ ಒಂದರ ಮೇಲೊಂದು ಕೂರುತ್ತವೆ. 'ಮಿಕಾವ ಯಾತ್ಸುಬುಸ', ಅಗಲಕ್ಕೆ ಹರಡುವ 'ಕಿಯೊಹಿಮೆ' ಈ ಬಗೆಯವು. 'ಶೈನಾ' ಹುಟ್ಟಿದ್ದು 'ಬ್ಲಡ್‌ಗುಡ್' ಎಂಬ ದೊಡ್ಡ ಕೆಂಪು ತಳಿಯ ಮೇಲೆ ಪೊರಕೆಯಂತೆ ಎದ್ದ ಒತ್ತಾದ ಚಿಗುರಿನಿಂದ. 'ಕ್ರಿಮ್ಸನ್ ಕ್ವೀನ್'ನಂಥ ಜಾಲರಿ ಎಲೆಯ ಜೋಲುತಳಿಗಳನ್ನೂ ಮಾರುಕಟ್ಟೆಯಲ್ಲಿ ಗಿಡ್ಡವೆಂದೇ ಮಾರುತ್ತಾರೆ. ಅವು ಎತ್ತರಕ್ಕಿಂತ ಅಗಲವಾಗಿ ಬೆಳೆದು 2–3 ಮೀಟರ್ ಜಾಗ ಹಿಡಿಯುತ್ತವೆ.

ಇಲ್ಲಿ 'ಗಿಡ್ಡ' ಎಂಬುದು ಬೆಳೆಯುವ ವೇಗದ ಮಾತು. ಹತ್ತು ವರ್ಷದಲ್ಲಿ ಮೀಟರ್ ಮುಟ್ಟಿದ ಗಿಡ ಅಲ್ಲಿಗೆ ನಿಲ್ಲುವುದಿಲ್ಲ, ನಲವತ್ತು ವರ್ಷವಾದರೂ ಬೆಳೆಯುತ್ತಲೇ ಇರುತ್ತದೆ. ಕಾಲುದಾರಿಗೆ ತಾಗಿಸಿ ನೆಟ್ಟವರು ಮುಂದೆ ಅದರ ಸಹಜವಾದ ಗುಮ್ಮಟವನ್ನು ಕತ್ತರಿಸಿ ವಿರೂಪಗೊಳಿಸಬೇಕಾಗುತ್ತದೆ.

ನೆಡುವುದಕ್ಕೆ ಎಲೆ ಉದುರಿದ ಮೇಲಿನ ಶರತ್ಕಾಲ ಇಲ್ಲವೆ ಚಿಗುರೊಡೆಯುವ ಮುಂಚಿನ ವಸಂತ ತಕ್ಕ ಸಮಯ. ಗುಣಿಯ ಅಗಲ ಬೇರುಮುದ್ದೆಯ ಎರಡು–ಮೂರು ಪಟ್ಟು ಇರಲಿ, ಆಳ ಮಾತ್ರ ಮುದ್ದೆಯಷ್ಟೇ. ಈ ಮರಗಳು ಸಾಯುವುದಕ್ಕೆ ತೋಟಗಾರನ ಕೈಯಿಂದಾಗುವ ಕಾರಣಗಳಲ್ಲಿ ಆಳಕ್ಕೆ ನೆಡುವುದೇ ದೊಡ್ಡದು ಎಂದರೆ ಅತಿಶಯವಲ್ಲ. ಮೇಪಲ್‌ನ ಬೇರುಗಳು ನೆಲದ ಮೇಲ್ಪದರದಲ್ಲೇ ನಾರುನಾರಾಗಿ ಹರಡುತ್ತವೆ. ಅವುಗಳ ಮೇಲೆ ಮಣ್ಣು ಪೇರಿಸಿದರೆ ಗಾಳಿ ಸಿಗದೆ ಉಸಿರುಕಟ್ಟುತ್ತವೆ, ಮಣ್ಣಲ್ಲಿ ಹೂತ ಕಾಂಡದ ತೊಗಟೆ ಕೊಳೆಯುತ್ತದೆ. ಅದರ ಫಲ ಕಾಣುವುದು ಮೂರು ನಾಲ್ಕು ವರ್ಷ ಕಳೆದ ಮೇಲೆ, ಆಗ ಕಾರಣ ಯಾರಿಗೂ ನೆನಪಿರುವುದಿಲ್ಲ. ಆದ್ದರಿಂದ ಕಾಂಡ ಅಗಲವಾಗಿ ಬೇರಾಗಿ ಒಡೆಯುವ ಜಾಗ ನೆಲದ ಮಟ್ಟದಲ್ಲಿ ಕಾಣುತ್ತಿರಬೇಕು. ಜಿಗಟು ಮಣ್ಣಾದರೆ ಒಂದೆರಡು ಬೆರಳು ಎತ್ತರಿಸಿ ನೆಡುವುದು ಲೇಸು. ಕುಂಡದಲ್ಲಿ ಸುರುಳಿ ಸುತ್ತಿಕೊಂಡ ಬೇರುಗಳನ್ನು ನೆಡುವ ಮೊದಲೇ ಬಿಡಿಸಬೇಕು, ಬಿಡಿಸಲಾಗದ್ದನ್ನು ಕತ್ತರಿಸಬೇಕು. ಗುಣಿಗೆ ತೆಗೆದ ಮಣ್ಣನ್ನೇ ತುಂಬಬೇಕು. ಗುಣಿಯಲ್ಲಿ ಮಾತ್ರ ಗೊಬ್ಬರಮಣ್ಣು ಸುರಿದರೆ ನೀರು ಅಲ್ಲೇ ನಿಲ್ಲುತ್ತದೆ, ಬೇರೂ ಹೊರಗೆ ಹೋಗಲು ಒಲ್ಲದು. ಎಲೆಗೊಬ್ಬರವನ್ನು ಮೇಲೆ 5–8 ಸೆಂಟಿಮೀಟರ್ ಹೊದಿಸಿ, ಕಾಂಡಕ್ಕೆ ತಾಗದಂತೆ ಒಂದು ಗೇಣು ಬಿಡಬೇಕು.

ಮಣ್ಣು ತುಸು ಹುಳಿಯಾಗಿ, ನೀರು ಬಸಿಯುವಂತಿರಬೇಕು. ಮೊದಲ ಎರಡು ಬೇಸಿಗೆ ಬೇರು ಇಳಿಯುವವರೆಗೆ ಬೆರಳು ಊರಿ ನೋಡಿ ನೀರುಣಿಸುವುದು ಅಗತ್ಯ. ಮೇಲ್ಮಣ್ಣು ಒಣಗಿದಾಗ ನಿಧಾನವಾಗಿ, ಆಳಕ್ಕೆ ಇಳಿಯುವಂತೆ ಕೊಡಬೇಕು. ಬೆಳಗಿನ ಬಿಸಿಲು, ಮಧ್ಯಾಹ್ನದ ನೆರಳು ಇದಕ್ಕೆ ಹಿತ. ಕೆಂಪೆಲೆಯ ತಳಿಗಳಿಗೆ ಬಣ್ಣ ಏರಲು ಒಂದಿಷ್ಟು ಬಿಸಿಲು ಬೇಕೇ ಬೇಕು, ಬಿಳಿ ಪಟ್ಟೆಯವು ಅದೇ ಬಿಸಿಲಿಗೆ ಸುಡುತ್ತವೆ. ಎಲೆಯಂಚು ಕಂದಾಗಿ ಮುರುಟಿದರೆ ರೋಗವೆಂದು ಔಷಧ ಹೊಡೆಯುವ ಮುನ್ನ ಬಿಸಿಗಾಳಿ, ನೀರಿನ ಕೊರತೆ, ಉಪ್ಪುನೀರುಗಳನ್ನು ಶಂಕಿಸಬೇಕು. ನಿಜವಾಗಿ ಹೆದರಬೇಕಾದದ್ದು ವರ್ಟಿಸಿಲಿಯಮ್ ಎಂಬ ಮಣ್ಣಿನ ಶಿಲೀಂಧ್ರಕ್ಕೆ. ಅದಕ್ಕೆ ಮದ್ದಿಲ್ಲ. ಟೊಮೆಟೊ, ಆಲೂಗಡ್ಡೆ, ಬದನೆ ಬೆಳೆದ ಪಾತಿಗಳಲ್ಲಿ ಅದು ಉಳಿದಿರಬಹುದಾದ್ದರಿಂದ ಅಲ್ಲಿ ಮೇಪಲ್ ನೆಡಬಾರದು.

ನೆಲದಲ್ಲಿ ಬೇರೂರಿದ ಗಿಡ ಸೊನ್ನೆಗಿಂತ 20 ಡಿಗ್ರಿ ಕೆಳಗಿನ ಚಳಿಯನ್ನೂ ತಾಳುತ್ತದೆ. ಕುಂಡದಲ್ಲಿರುವ ಬೇರಿಗೆ ಅಷ್ಟು ತಾಳಿಕೆಯಿಲ್ಲ, ಕಡುಚಳಿಯಲ್ಲಿ ಅದಕ್ಕೆ ಆಸರೆ ಬೇಕು. ಎಳೆ ಚಿಗುರಂತೂ ವಸಂತದ ಒಂದೇ ತಡವಾದ ಹಿಮಕ್ಕೆ ಕಮರುತ್ತದೆ. ಚಳಿ ಈ ಮರಕ್ಕೆ ಬರಿಯ ಕಷ್ಟವಲ್ಲ, ಅಗತ್ಯವೂ ಹೌದು. ತಿಂಗಳುಗಟ್ಟಲೆ ತಂಪಿನಲ್ಲಿ ನಿದ್ರಿಸಿದ ಮೊಗ್ಗು ಮಾತ್ರ ಸರಿಯಾಗಿ ಒಡೆಯುತ್ತದೆ. ಬೆಂಗಳೂರಿನ ಚಳಿಗಾಲ ಆ ನಿದ್ರೆಗೆ ಸಾಲದು, ಬಯಲುಸೀಮೆಯ ಬೇಸಿಗೆಯಂತೂ ಎಲೆಯನ್ನು ಸುಡುತ್ತದೆ. ಹಾಗಾಗಿ ಕರ್ನಾಟಕದ ತೋಟಕ್ಕೆ ಇದನ್ನು ಶಿಫಾರಸು ಮಾಡುವಂತಿಲ್ಲ. ಸಿಯಾಟಲ್, ಪೋರ್ಟ್‌ಲೆಂಡ್ ಕಡೆ ನೆಲೆಸಿದ ಕನ್ನಡಿಗರ ಅಂಗಳಕ್ಕೆ ಇದು ಹೇಳಿಮಾಡಿಸಿದಂಥ ಗಿಡ.

ಬೀಜದಿಂದ ಎದ್ದ ಸಸಿ ತಾಯಿಯ ಗುಣವನ್ನು ಹಾಗೆಯೇ ತರುವುದಿಲ್ಲ. ಆದ್ದರಿಂದ ಗಿಡ್ಡ ತಳಿಗಳನ್ನು ಸಾಮಾನ್ಯವಾಗಿ ಮೂಲಜಾತಿಯ ಸಸಿಯ ಮೇಲೆ ಕಸಿ ಮಾಡಿರುತ್ತಾರೆ. ಕಸಿಗಂಟಿನ ಕೆಳಗೆ ಹಸಿರು ಎಲೆಯ, ರಭಸದ ಚಿಗುರು ಎದ್ದರೆ ಅದು ಬೇರುಸಸಿಯದು. ಕಂಡ ಕೂಡಲೇ ಬುಡಕ್ಕೇ ತೆಗೆಯದಿದ್ದರೆ ಕೆಲವೇ ವರ್ಷಗಳಲ್ಲಿ ಗಿಡ್ಡವನ್ನು ನುಂಗಿಬಿಡುತ್ತದೆ.

ಗೊಬ್ಬರ ಅಲ್ಪವೇ ಸಾಕು. ಸಾರಜನಕ ಹೆಚ್ಚಾದರೆ ಗೆಣ್ಣುಗಳು ಉದ್ದವಾಗಿ, ತಳಿಯ ಗುಣವಾದ ಒತ್ತು ಸಡಿಲವಾಗುತ್ತದೆ. ಕುಂಡದ ಗಿಡವನ್ನು ಎರಡು–ಮೂರು ವರ್ಷಕ್ಕೊಮ್ಮೆ ಹೊರತೆಗೆದು, ಅಂಚಿನ ಬೇರು ಸವರಿ ಹೊಸ ಮಣ್ಣಿಗೆ ಕೂರಿಸುತ್ತಾರೆ. ರೆಂಬೆ ಸವರುವುದು ನಡುಚಳಿಗಾಲದಲ್ಲಿ ಇಲ್ಲವೆ ಬೇಸಿಗೆಯ ಕೊನೆಗೆ. ವಸಂತಕ್ಕೆ ಮುಂಚೆ ರಸ ಏರುವಾಗ ಕತ್ತರಿಸಿದರೆ ಗಾಯದಿಂದ ಅದು ತೊಟ್ಟಿಕ್ಕುತ್ತದೆ. ಯಾತ್ಸುಬುಸ ತಳಿಗಳಲ್ಲಿ ಹೊರಗಿನ ರೂಪವನ್ನು ಮುಟ್ಟುವ ಅಗತ್ಯ ಅಷ್ಟಾಗಿ ಇಲ್ಲ. ಆದರೆ ಎಲೆ ಉದುರಿದ ಮೇಲೆ ಗುಮ್ಮಟದೊಳಗೆ ಕೈ ಹಾಕಿ, ಬೆಳಕು ಕಾಣದೆ ಒಣಗಿದ ಕಡ್ಡಿಗಳನ್ನು ಮುರಿದು, ಕವಲುಗಳಲ್ಲಿ ಸಿಕ್ಕಿಕೊಂಡ ಹಳೆಯ ಎಲೆಗಳನ್ನು ಆಯ್ದು ಹೊರಹಾಕಬೇಕು.